ಸಲಹೆ ಕೊಡದೆ ಕೇಳಿಸಿಕೊಳ್ಳುವವರನ್ನು ತಯಾರು ಮಾಡುವುದು ಹೇಗೆ?

ಮನಸ್ಸಿಗೆ ಕಷ್ಟವಾದವರೆಲ್ಲರಿಗೂ ಮನೋವೈದ್ಯರೇ ಬೇಕು ಅಂತೇನಿಲ್ಲ. ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದೆ, ಸಣ್ಣಪುಟ್ಟದ್ದಕ್ಕೂ ಎದೆ ಢವಢವ ಎನ್ನುತ್ತಾ ದಿನ ದೂಡುವ ಎಷ್ಟೋ ಜನರಿದ್ದಾರೆ. ವಾರಕ್ಕೊಮ್ಮೆ ಯಾರಾದರೂ ಎದುರು ಕೂತು ಮಾತಾಡಿ, ಎರಡು ಮೂರು ಉಪಾಯ ಅಭ್ಯಾಸ ಮಾಡಿಸಿದರೆ ಅವರಲ್ಲಿ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಐದಾರು ಭೇಟಿ, ಗೊತ್ತುಮಾಡಿದ ಕ್ರಮ, ಔಷಧಿ ಇಲ್ಲ. ಇದನ್ನೇ ಕಡಿಮೆ ತೀವ್ರತೆಯ ಮಾನಸಿಕ ಬೆಂಬಲ ಎನ್ನುತ್ತಾರೆ.

ಈ ಕೆಲಸಕ್ಕೆ ದೊಡ್ಡ ಪದವಿ ಬೇಕಿಲ್ಲ ಎಂಬುದೂ ಈಗ ಗೊತ್ತಾಗಿದೆ. ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ ಹೊರಗಿನ ಮರದ ಬೆಂಚಿನ ಮೇಲೆ ಕೂರಿಸಿದರು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಬೆಂಚಿನಲ್ಲಿ ಕೂತು ಮಾತಾಡಿದವರ ಖಿನ್ನತೆ, ಆತಂಕ ಮಾಮೂಲಿ ಆರೈಕೆ ಪಡೆದವರಿಗಿಂತ ಜಾಸ್ತಿ ಇಳಿದಿತ್ತು. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸಾಮಾನ್ಯ ಜನರನ್ನೇ ಆಪ್ತಸಮಾಲೋಚಕರಾಗಿ ತಯಾರು ಮಾಡಿದರು. ಅದರ ಫಲಿತಾಂಶ 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಇಂಗ್ಲೆಂಡ್ 2008ರಲ್ಲಿ ಶುರುಮಾಡಿದ ಸರ್ಕಾರಿ ಯೋಜನೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಹುದ್ದೆ ಇದೆ.

ಹಾಗಂತ ಎರಡು ದಿನ ಸ್ಲೈಡ್ ತೋರಿಸಿ, ಸರ್ಟಿಫಿಕೇಟ್ ಕೊಟ್ಟು, ಫೋಟೊ ತೆಗೆಸಿಕೊಂಡು ಕಳಿಸಿದರೆ ಆಯಿತೇ? ಖಂಡಿತ ಇಲ್ಲ. ಈ ಲೇಖನ ಅಂಥ ತರಬೇತಿ ನಡೆಸಲು ಹೊರಟಿರುವ ಸಂಸ್ಥೆಗಳಿಗೆ, ತರಬೇತುದಾರರಿಗೆ.

ಮೊದಲು ಗಡಿ ಹಾಕಿಕೊಳ್ಳಿ

ನಿಮ್ಮ ಸಹಾಯಕರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ರೋಗ ಇಂಥದ್ದು ಎಂದು ಅವರು ಹೇಳುವಂತಿಲ್ಲ. ಮಾತ್ರೆಯ ಬಗ್ಗೆ ಮಾತಾಡುವಂತಿಲ್ಲ. ಇಲ್ಲದ ದನಿ ಕೇಳಿಸುತ್ತದೆ ಎನ್ನುವವರು, ಸಾಯಲು ಯೋಜನೆ ಹಾಕಿಕೊಂಡವರು, ಕುಡಿತ ಕೈಮೀರಿದವರು ಬಂದರೆ ತಾವೇ ನಿಭಾಯಿಸಲು ಹೋಗದೆ ತಜ್ಞರ ಕಡೆ ಕಳಿಸಬೇಕು. ಯಾರ ಹತ್ತಿರ, ಯಾವ ನಂಬರಿಗೆ, ಎಷ್ಟು ಹೊತ್ತಿನೊಳಗೆ ಎಂಬುದೂ ಅದೇ ಹಾಳೆಯಲ್ಲಿರಲಿ. ಕಳಿಸಲು ಜಾಗವೇ ಇಲ್ಲದಿದ್ದರೆ ತರಬೇತಿಯನ್ನು ಮುಂದಕ್ಕೆ ಹಾಕಿ. ಇದು ಕಠಿಣ ಅನಿಸಬಹುದು, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಆಮೇಲೆ ಕೈಪಿಡಿ ಆರಿಸಿ. ಹೊಸದಾಗಿ ಬರೆಯುವ ಉತ್ಸಾಹ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ 'ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್' ಹಲವು ದೇಶಗಳಲ್ಲಿ ಪರೀಕ್ಷೆಗೆ ಒಳಗಾಗಿದೆ. ಐದು ಭೇಟಿ, ಒಂದೊಂದು 90 ನಿಮಿಷ, ನಾಲ್ಕೇ ಉಪಾಯ. ಜನ ಇದಕ್ಕಿಂತ ಜಾಸ್ತಿ ಉಪಾಯಗಳನ್ನು ಒಂದೇ ಸಲ ಕಲಿತರೆ ಎಲ್ಲವನ್ನೂ ಅರ್ಧಂಬರ್ಧ ಮಾಡುತ್ತಾರೆ.

ಯಾರನ್ನು ಆರಿಸಬೇಕು?

ಅರ್ಜಿ ನೋಡಿ ಆರಿಸಬೇಡಿ. ಹತ್ತು ನಿಮಿಷದ ರೋಲ್ ಪ್ಲೇ ಇಡಿ. ಒಬ್ಬರು ಬೇಜಾರಿನಲ್ಲಿರುವ ವ್ಯಕ್ತಿಯಾಗಿ ಕೂರಲಿ, ಅಭ್ಯರ್ಥಿ ಮಾತಾಡಿಸಲಿ. ತರಬೇತಿ ಇಲ್ಲದೆಯೇ ಯಾರು ಎದುರಿನವರಿಗೆ ಮಾತು ಮುಗಿಸಲು ಬಿಡುತ್ತಾರೆ, ಯಾರು ಗಡಿಯಾರ ನೋಡುತ್ತಾರೆ, ಯಾರು ಎರಡನೇ ನಿಮಿಷಕ್ಕೇ ತಮ್ಮ ಕಥೆ ಶುರುಮಾಡುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದನ್ನೂ ಗಮನಿಸಿ: 'ನೀವು ಹೀಗೆ ಮಾಡಿದ್ದು ಸರಿಯಾಗಲಿಲ್ಲ' ಎಂದಾಗ ಮುಖ ಹೇಗಾಗುತ್ತದೆ? ತಿದ್ದಿದ್ದನ್ನು ತಡೆದುಕೊಳ್ಳಲಾರದವರಿಗೆ ಈ ಕೆಲಸ ಕಷ್ಟ. ಚೆನ್ನಾಗಿ ಮಾತಾಡುವವರು ಚೆನ್ನಾಗಿ ಸಹಾಯ ಮಾಡುತ್ತಾರೆ ಎಂಬ ನಂಬಿಕೆ ಬಹಳ ಕಡೆ ಇದೆ. ನನಗಂತೂ ಅದು ಉಲ್ಟಾ ಅನಿಸುತ್ತದೆ.

ಕೇಳುವುದನ್ನು ಕಲಿಸಿ, ಮುಖ್ಯವಾಗಿ ಬಾಯಿ ತಡೆಯುವುದನ್ನು

ತರಗತಿಯ ಹೆಚ್ಚಿನ ಸಮಯ ಇಲ್ಲೇ ಹೋಗಬೇಕು. ಸಾಮಾನ್ಯವಾಗಿ ಇಂಥ ತರಬೇತಿ ಸುಮಾರು 8 ದಿನ ನಡೆಯುತ್ತದೆ. ಉಪಾಯಗಳನ್ನು ಜನ ಬೇಗ ಕಲಿಯುತ್ತಾರೆ. ಸಲಹೆ ಕೊಡುವ ಚಟ ಬಿಡಲು ಮಾತ್ರ ಬಹಳ ಹೊತ್ತು ಬೇಕು.

ಒಂದು ರೋಲ್ ಪ್ಲೇ ಹೀಗೆ ಶುರುವಾಗುತ್ತದೆ ಅಂದುಕೊಳ್ಳಿ.

'ಬೆಳಿಗ್ಗೆ ಎದ್ದೇಳೋಕೇ ಮನಸ್ಸಾಗಲ್ಲ ಮೇಡಂ. ಎದ್ದು ಏನು ಮಾಡ್ಬೇಕು ಅನ್ಸುತ್ತೆ.'

'ಅಯ್ಯೋ, ಹಾಗೆಲ್ಲ ಅಂದ್ಕೋಬಾರ್ದು. ಧೈರ್ಯ ತಂದ್ಕೊಳ್ಳಿ. ನಿಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ? ದಿನಾ ವಾಕಿಂಗ್ ಹೋಗಿ, ಸರಿಹೋಗುತ್ತೆ.'

ಇಲ್ಲಿ ತರಬೇತುದಾರರು ಕೈ ಎತ್ತಿ ನಿಲ್ಲಿಸಬೇಕು. ಬೈಯಬಾರದು. ಬೇಜಾರಿನ ಪಾತ್ರ ಮಾಡಿದವರನ್ನೇ ಕೇಳಬೇಕು: 'ಈ ಉತ್ತರ ಕೇಳಿದಾಗ ನಿಮಗೇನು ಅನಿಸಿತು?' 'ಇನ್ನು ಇವರ ಹತ್ರ ಏನೂ ಹೇಳಬಾರದು ಅನಿಸಿತು' ಎಂಬಂಥ ಮಾತು ಬರುತ್ತದೆ. ತರಬೇತುದಾರರ ಅರ್ಧ ಗಂಟೆಯ ಉಪನ್ಯಾಸಕ್ಕಿಂತ ಸಹಪಾಠಿಯ ಬಾಯಿಂದ ಬಂದ ಈ ಒಂದು ಸಾಲು ಚೆನ್ನಾಗಿ ನಾಟುತ್ತದೆ. ಆಮೇಲೆ ಅದೇ ದೃಶ್ಯವನ್ನು ಅದೇ ಇಬ್ಬರಿಂದ ಮತ್ತೆ ಮಾಡಿಸಿ.

'ಎದ್ದೇಳೋಕೇ ಮನಸ್ಸಾಗದಷ್ಟು ಸುಸ್ತಾಗಿದೆ. ಇದು ಯಾವಾಗಿನಿಂದ ಹೀಗಿದೆ?'

'ಎರಡು ತಿಂಗಳಾಯ್ತು.'

'ಎದ್ದೇಳೋಕಾಗದ ಬೆಳಿಗ್ಗೆ ಹೇಗಿರುತ್ತೆ, ಸ್ವಲ್ಪ ಹೇಳ್ತೀರಾ?'

ಇಷ್ಟೇ. ಎದುರಿನವರ ಮಾತನ್ನೇ ಸ್ವಲ್ಪ ಬದಲಿಸಿ ವಾಪಸ್ ಕೊಡುವುದು, ಮತ್ತೆ ತೆರೆದ ಪ್ರಶ್ನೆ ಕೇಳುವುದು. ಮೊದಲು ಅಗಲವಾದ ಪ್ರಶ್ನೆ, ಆಮೇಲೆ ಏನು, ಎಲ್ಲಿ, ಯಾವಾಗ, ಯಾರ ಜೊತೆ ಎಂಬ ಸಣ್ಣ ಪ್ರಶ್ನೆಗಳು, ಕೊನೆಗೆ ಹೌದು-ಇಲ್ಲ ಪ್ರಶ್ನೆ, ಅದಾದ ಮೇಲೆ 'ನೀವು ಹೇಳಿದ್ದು ಹೀಗೆ, ಅಲ್ವಾ?' ಎಂದು ಒಟ್ಟುಗೂಡಿಸುವುದು. ಈ ಕ್ರಮ ನಾಲಿಗೆಗೆ ಬರುವ ತನಕ ಮಾಡಿಸಿ. ಮಧ್ಯೆ ಮೌನ ಬಂದರೆ ತುಂಬಿಸಬೇಡಿ ಎಂದು ಹೇಳಿಕೊಡಿ. ಎದುರಿನವರು ಅತ್ತರೆ ಕೈಗೆ ಟಿಶ್ಯೂ ತುರುಕಿ ಸುಮ್ಮನಾಗಿಸುವ ಅವಸರ ಬೇಡ, ಸುಮ್ನೆ ಪಕ್ಕದಲ್ಲಿದ್ದರೂ ಆಗುತ್ತದೆ.

ಗುಟ್ಟು ಕಾಯುವುದರ ಬಗ್ಗೆಯೂ ಇದೇ ಹೊತ್ತಿಗೆ ಮಾತಾಡಿ. 'ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ, ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ ಮಾತ್ರ ನನ್ನ ಮೇಲ್ವಿಚಾರಕರಿಗೆ ಹೇಳಬೇಕಾಗುತ್ತೆ' ಎಂಬ ವಾಕ್ಯವನ್ನು ಪ್ರತಿಯೊಬ್ಬರೂ ತಡವರಿಸದೆ ಹೇಳುವಂತಾಗಬೇಕು. 'ಏನೇ ಹೇಳಿದರೂ ಯಾರಿಗೂ ಹೇಳಲ್ಲ' ಎಂದು ಮಾತು ಕೊಟ್ಟವರು ಮುಂದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಉಪಾಯಗಳನ್ನು ತಮ್ಮ ಮೇಲೇ ಮಾಡಿ ನೋಡಲಿ

ನಿಧಾನ ಉಸಿರಾಟ, ಸಮಸ್ಯೆ ಬಿಡಿಸುವ ಕ್ರಮ, ಬಿಟ್ಟುಹೋದ ಚಟುವಟಿಕೆಗಳಿಗೆ ಮರಳುವುದು, ಜೊತೆಗಿರುವವರ ಬೆಂಬಲ ಗಟ್ಟಿ ಮಾಡಿಕೊಳ್ಳುವುದು. ಕೈಪಿಡಿಯ ಆ ನಾಲ್ಕು ಉಪಾಯಗಳು ಇವೇ. ಶಿಬಿರಾರ್ಥಿಗಳು ಪ್ರತಿಯೊಂದನ್ನೂ ತಮ್ಮ ನಿಜವಾದ, ಆದರೆ ತೀರಾ ದೊಡ್ಡದಲ್ಲದ ತೊಂದರೆಯ ಮೇಲೆ ಪ್ರಯೋಗಿಸಿ ನೋಡಬೇಕು. ಹೊಟ್ಟೆಯಿಂದ ಉಸಿರಾಡಲು ಹೋಗಿ ಮೊದಲ ಸಲ ತಲೆ ಸುತ್ತಿದಂತಾದವರು, ಮುಂದೆ ಬೇರೆಯವರಿಗೆ ಹಾಗಾದಾಗ ಗಾಬರಿಯಾಗುವುದಿಲ್ಲ.

ಚಟುವಟಿಕೆಯ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ: ಹೆಜ್ಜೆ ತುಂಬ ದೊಡ್ಡದಾಗಿಬಿಡುತ್ತದೆ. ಖಿನ್ನತೆಯಲ್ಲಿರುವವರು ಏನೂ ಮಾಡದೆ ಕೂರುತ್ತಾರೆ, ಏನೂ ಮಾಡದ್ದರಿಂದ ಖುಷಿ ಕೊಡುವಂಥದ್ದು ಏನೂ ಆಗುವುದಿಲ್ಲ, ಅದರಿಂದ ಮನಸ್ಸು ಇನ್ನೂ ಕುಗ್ಗುತ್ತದೆ. ಈ ಸುತ್ತನ್ನು ಮುರಿಯಲು 'ಈ ವಾರ ಮನೆ ಎಲ್ಲ ಕ್ಲೀನ್ ಮಾಡ್ತೀನಿ' ಎಂದು ಹೊರಟರೆ ಸೋಲು ಗ್ಯಾರಂಟಿ. ಅದನ್ನು ಒಡೆಯುವುದನ್ನು ಕಲಿಸಿ. ಮನೆಯಿಂದ ಒಂದು ಕೋಣೆಗೆ, ಕೋಣೆಯಿಂದ ಒಂದು ಮೇಜಿಗೆ, ಮೇಜಿನಿಂದ ಅದರ ಮೇಲಿರುವ ಬಟ್ಟೆ ಮಡಚುವುದಕ್ಕೆ ಇಳಿಸಿ. ಯಾವ ದಿನ? ಎಷ್ಟು ಗಂಟೆಗೆ? ನೆನಪಿಗೆ ಏನು ಮಾಡ್ತೀರಿ? ಆ ಹೊತ್ತಿಗೆ ಮನಸ್ಸಿಲ್ಲದಿದ್ದರೆ? ಇವಕ್ಕೆಲ್ಲ ಉತ್ತರ ಸಹಾಯಕರಿಂದ ಬರಬಾರದು, ಬಂದವರಿಂದಲೇ ಬರಬೇಕು. 'ಮನಸ್ಸಾದ ಮೇಲೆ ಮಾಡೋಣ' ಎಂದು ಕಾಯುವ ಬದಲು ಮೊದಲು ಮಾಡಿದರೆ ಮನಸ್ಸು ಹಿಂದೆ ಬರುತ್ತದೆ ಎಂಬ ಲೆಕ್ಕಾಚಾರವನ್ನು ಸರಳವಾಗಿ ವಿವರಿಸಲು ಬಂದರೆ ಸಾಕು, ಸಿದ್ಧಾಂತದ ಹೆಸರು ಬೇಕಿಲ್ಲ.

ಸಮಸ್ಯೆ ಬಿಡಿಸುವಾಗ ಬಂದವರ ತೊಂದರೆಗಳನ್ನು ಮೊದಲು ಪಟ್ಟಿ ಮಾಡಿಸಿ, ಬಿಡಿಸಬಹುದಾದದ್ದು, ತಮ್ಮ ಕೈಯಲ್ಲಿಲ್ಲದ್ದು, ಅಷ್ಟೇನೂ ಮುಖ್ಯವಲ್ಲದ್ದು ಎಂದು ವಿಂಗಡಿಸಬೇಕು. ಬಿಡಿಸಬಹುದಾದ ಒಂದನ್ನು ಮಾತ್ರ ಹಿಡಿದು ಮುಂದೆ ಹೋಗಬೇಕು.

ಸಾವಿನ ಬಗ್ಗೆ ನೇರವಾಗಿ ಕೇಳಲು ಕಲಿಸಿ

ಇದಕ್ಕೆ ಅರ್ಧ ದಿನವನ್ನಾದರೂ ಮೀಸಲಿಡಿ. 'ಆತ್ಮಹತ್ಯೆ ಬಗ್ಗೆ ಕೇಳಿದರೆ ನಾವೇ ತಲೆಗೆ ಹುಳ ಬಿಟ್ಟಂತಾಗುತ್ತದೆ' ಎಂಬ ಭಯ ಎಲ್ಲರಲ್ಲೂ ಇರುತ್ತದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದು ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಹೆಚ್ಚಿನವರಿಗೆ ಕೊನೆಗೂ ಯಾರೋ ಕೇಳಿದರು ಎಂಬ ಹಗುರ ಭಾವವೇ ಬರುತ್ತದೆ.

ಆದರೆ ಗೊತ್ತಿರುವುದು ಬೇರೆ, ಬಾಯಿಂದ ಹೊರಡುವುದು ಬೇರೆ. ಮೊದಲ ಸಲ ಕೇಳುವಾಗ ಶಿಬಿರಾರ್ಥಿಗಳ ದನಿ ಇಳಿಯುತ್ತದೆ, ಕಣ್ಣು ನೆಲ ನೋಡುತ್ತದೆ. 'ನಿಮಗೆ ಹಾಗೆಲ್ಲ ಏನೂ ಅನಿಸಲ್ಲ ತಾನೇ?' ಎಂದು ಕೇಳುತ್ತಾರೆ. ಇದು 'ಇಲ್ಲ ಅನ್ನಿ' ಎಂದು ಬೇಡಿಕೊಂಡ ಹಾಗೆ. 'ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ?' ಎಂಬ ವಾಕ್ಯವನ್ನು ಸಹಜ ದನಿಯಲ್ಲಿ ಹೇಳುವ ತನಕ ಜೋಡಿ ಜೋಡಿಯಾಗಿ ಅಭ್ಯಾಸ ಮಾಡಿಸಿ. ಹೌದು ಎಂದರೆ ಮುಂದಿನ ಪ್ರಶ್ನೆಗಳು: ಹೇಗೆ ಅಂತ ಯೋಚಿಸಿದ್ದೀರಾ? ಅದಕ್ಕೆ ಬೇಕಾದ್ದು ಕೈಗೆ ಸಿಗುತ್ತದೆಯಾ? ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದೀರಾ? ನಿಮ್ಮನ್ನು ತಡೆದು ನಿಲ್ಲಿಸಿರುವುದು ಏನು? ಯೋಜನೆ ಇದೆ ಎಂದಾದರೆ ಅವರನ್ನು ಒಬ್ಬರೇ ಬಿಡುವಂತಿಲ್ಲ. ಕೂಡಲೇ ಮೇಲ್ವಿಚಾರಕರಿಗೆ ಫೋನ್, ಮೊದಲೇ ಬರೆದಿಟ್ಟ ಹಾಳೆಯಂತೆ ಮುಂದಿನ ಹೆಜ್ಜೆ.

ಬರಹದ ಪರೀಕ್ಷೆ ಸಾಕಾಗುವುದಿಲ್ಲ

ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 0ಯಿಂದ 27ರ ತನಕ ಅಂಕ ಬರುತ್ತದೆ, ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಇಂಥ ಮಾಹಿತಿ ಗೊತ್ತಿದೆಯೇ ಎಂದು ನೋಡಲು ಬರಹದ ಪರೀಕ್ಷೆ ಸಾಕು. ಒಬ್ಬರ ಎದುರು ಕೂರಲು ಬರುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ರೂಪಿಸಿದ 'ಇಕ್ವಿಪ್' ಎಂಬ ಉಚಿತ ಆನ್‌ಲೈನ್ ವೇದಿಕೆ 2022ರಿಂದ ಇದೆ. ಅದರಲ್ಲಿ ಸಿಗುವ 'ಎನ್ಯಾಕ್ಟ್' ಎಂಬ ಅಳತೆಪಟ್ಟಿ 15 ಕೌಶಲಗಳನ್ನು ನೋಡುತ್ತದೆ. ಪ್ರತಿ ಕೌಶಲಕ್ಕೂ ನಾಲ್ಕು ಹಂತ, ಮೊದಲ ಹಂತವೇ 'ಹಾನಿಯಾಗುವ ನಡವಳಿಕೆ'. ಬಂದವರನ್ನು ದೂರುವುದು, ಮಧ್ಯೆ ಫೋನ್ ನೋಡುವುದು, ಸುಳ್ಳು ಭರವಸೆ ಕೊಡುವುದು ಇಂಥವು. ಈ ಪಟ್ಟಿಯಲ್ಲಿ ನನಗೆ ಇಷ್ಟವಾಗುವುದು ಇದೇ. ಒಬ್ಬರು ಎಷ್ಟು ಚೆನ್ನಾಗಿ ಮಾಡಿದರು ಎನ್ನುವುದರ ಜೊತೆಗೆ, ಕೆಡಿಸಿದರೇ ಎಂದೂ ಕೇಳುತ್ತದೆ. ಒಂದೇ ಕಥೆ, ಒಂದೇ ನಟನೆಯನ್ನು ಎಲ್ಲರಿಗೂ ಇಟ್ಟು, ತರಬೇತಿಯ ಮೊದಲೂ ಕೊನೆಗೂ ಅಂಕ ಹಾಕಿ. ಯಾವುದೇ ಕೌಶಲದಲ್ಲಿ ಹಾನಿಯ ಹಂತದಲ್ಲಿರುವವರನ್ನು ಜನರ ಬಳಿ ಕಳಿಸಬೇಡಿ. ಮತ್ತೆ ಅಭ್ಯಾಸ ಮಾಡಿಸಿ, ಆಗಲೂ ಆಗದಿದ್ದರೆ ಬೇರೆ ಕೆಲಸ ಕೊಡಿ. ಮುಜುಗರ ಆಗುತ್ತದೆ ನಿಜ.

ಅಸಲಿ ತರಬೇತಿ ತರಗತಿ ಮುಗಿದ ಮೇಲೆ

ಮೊದಲ ಒಂದೆರಡು ಕೇಸ್‌ಗಳು ಅಷ್ಟೇನೂ ತೊಡಕಿಲ್ಲದವು ಆಗಿರಲಿ. ಅವು ಮುಗಿಯುವ ತನಕ ಮೇಲ್ವಿಚಾರಕರು ಹತ್ತಿರವೇ ಇರಲಿ. ಆಮೇಲೂ ವಾರಕ್ಕೊಮ್ಮೆ ಗುಂಪು ಸೇರಲೇಬೇಕು, ಎರಡು ಮೂರು ಗಂಟೆ. 'ಎಲ್ಲ ಚೆನ್ನಾಗಿ ನಡೀತಿದೆ ಸರ್' ಎಂಬ ವರದಿ ಕೇಳಿ ಟೀ ಕುಡಿದು ಏಳುವ ಸಭೆಯನ್ನು ಮೇಲ್ವಿಚಾರಣೆ ಎನ್ನಲಾಗದು. ಸಿಕ್ಕಿಹಾಕಿಕೊಂಡ ಒಂದು ಜಾಗವನ್ನು ಸಹಾಯಕರು ಅಲ್ಲೇ ಅಭಿನಯಿಸಿ ತೋರಿಸಬೇಕು, ಉಳಿದವರು ಅದನ್ನೇ ಬೇರೆ ರೀತಿ ಮಾಡಿ ನೋಡಬೇಕು. ಗೋವಾದ ತಂಡ ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ರೆಕಾರ್ಡ್ ಮಾಡಿ, ಸಮಾಲೋಚಕರೇ ಒಬ್ಬರದ್ದನ್ನೊಬ್ಬರು ಕೇಳಿ ಅಂಕ ಹಾಕುವ ಪದ್ಧತಿ ತಂದಿತು. ತಜ್ಞರು ಕಡಿಮೆ ಇರುವ ಕಡೆ ಇದು ಬಹಳ ಉಪಯೋಗದ ದಾರಿ.

ಇದೇ ಸಭೆಯಲ್ಲಿ ಪ್ರತಿ ಕೇಸ್‌ನ ಪಿಎಚ್‌ಕ್ಯೂ-9 ಅಂಕಗಳನ್ನೂ ನೋಡಿ. ಮೂರನೇ ಭೇಟಿಗೂ ಒಂದಿಷ್ಟೂ ಇಳಿದಿಲ್ಲವೆಂದರೆ ಮಾತಾಡಬೇಕು. ಕೆಲವರಿಗೆ ಇದಕ್ಕಿಂತ ಮೇಲಿನ ಹಂತದ ಚಿಕಿತ್ಸೆ ಬೇಕಿರುತ್ತದೆ.

ಸಹಾಯಕರ ಮನಸ್ಸನ್ನೂ ವಿಚಾರಿಸಿ. ದಿನವಿಡೀ ಬೇರೆಯವರ ಸಂಕಟ ಕೇಳಿದವರಿಗೆ ರಾತ್ರಿ ನಿದ್ದೆ ಬಾರದಿರಬಹುದು. ತಾವೇ ಅನುಭವಿಸಿದ ನೋವಿನ ಕಥೆ ಎದುರು ಕೂತವರ ಬಾಯಲ್ಲಿ ಬಂದರೆ ಇನ್ನೂ ಕಷ್ಟ. ಅಂಥ ಕೇಸನ್ನು ಬೇರೆಯವರಿಗೆ ವರ್ಗಾಯಿಸುವ ಅವಕಾಶ ಮೊದಲೇ ಇರಲಿ, ಕಾರಣ ಕೇಳಬೇಡಿ.

ಇನ್ನು ಬಜೆಟ್. ಬಹಳ ಕಡೆ ಹಣವೆಲ್ಲ ಆ ಎಂಟು ದಿನಕ್ಕೇ, ಹಾಲ್, ಊಟ, ಬ್ಯಾಗ್, ಕೈಪಿಡಿ ಅಂತ ಖರ್ಚಾಗಿಬಿಡುತ್ತದೆ. ಮೂವತ್ತು ಜನರಿಗೆ ತರಬೇತಿ ಕೊಡುವಷ್ಟು ಹಣವಿದ್ದರೆ ಹತ್ತು ಜನರಿಗೆ ಕೊಡಿ. ಉಳಿದದ್ದನ್ನು ವರ್ಷವಿಡೀ ಮೇಲ್ವಿಚಾರಕರ ಸಂಬಳಕ್ಕೆ ಎತ್ತಿಡಿ. ಮುಂದಿನ ವರ್ಷದ ತಂಡಕ್ಕೆ ತರಬೇತುದಾರರನ್ನು ಈ ಹತ್ತು ಜನರಲ್ಲೇ ಹುಡುಕಿ. ಐದಾರು ಕೇಸ್ ಪೂರ್ತಿ ಮುಗಿಸಿ, ತಮ್ಮ ರೆಕಾರ್ಡಿಂಗನ್ನು ಬೇರೆಯವರ ಎದುರು ಹಾಕಿ ಕೇಳಲು ಹಿಂಜರಿಯದವರು ಇದ್ದರೆ, ಅವರನ್ನು ಮೊದಲು ಕರೆಯಿರಿ.