ಪ್ರೇರಿ ಚಳಿಗೆ ಹೊಸಬರನ್ನು ಇಳಿಸುವುದು: ಸಸ್ಕಟೂನ್‌ನಲ್ಲಿ ನನ್ನ ಅನುಭವ

ಊರಿಂದ ಕೆನಡಾದ ಪ್ರೇರಿ ಬಯಲಿಗೆ ಹೊಸದಾಗಿ ಬಂದವರಿಗೆ ಇಲ್ಲಿನ ಬದುಕು ಪರಿಚಯಿಸುವ ಕೆಲಸ ನಿಮ್ಮಲ್ಲೂ ಹಲವರು ಮಾಡ್ತಿದ್ದೀರಿ. ಹಾಗಾಗಿ ಲೇಯರ್ ಲೇಯರಾಗಿ ಬಟ್ಟೆ, ಕಾರಿನ ಎಂಜಿನ್ ಬೆಚ್ಚಗಿಡೋ ಬ್ಲಾಕ್ ಹೀಟರ್ ಅಂತ ಒಂದನೇ ಕ್ಲಾಸಿಂದ ಶುರು ಮಾಡಲ್ಲ. ಹಾಲಲ್ಲಿ ಸ್ಲೈಡ್ ತೋರಿಸೋದು ಬಿಟ್ಟು ಹೊಸಬರನ್ನ ವ್ಯಾನ್ ಹತ್ತಿಸ್ತೀನಿ ಅಂದಾಗ "ಎಲ್ಲಾ ಯೂಟ್ಯೂಬಲ್ಲಿದೆ ಮಾರಾಯ, ಯಾರು ಬರ್ತಾರೆ" ಅಂತ ನಕ್ಕವರು ಈಗ ತಮ್ಮ ನೆಂಟರಿಗೂ ಒಂದು ಸೀಟು ಕೇಳ್ತಾರೆ. ಬರೀತಿರೋದು ಅದಕ್ಕೇ.

ಮೊದಲು ಎಲ್ಲರ ಹಾಗೆ ಸ್ಲೈಡ್ ತೋರಿಸಿದ್ದೇ. ಹಾಲ್ ಬಾಡಿಗೆ ಇನ್ನೂರು ಡಾಲರ್ ಹತ್ತಿರ, ಬಿಸಿಬೇಳೆಬಾತಿಗೆ ಮುನ್ನೂರು ಚಿಲ್ಲರೆ, ಎಲ್ಲ ಕೈಯಿಂದ. ವಿಂಡ್ ಚಿಲ್ (ಗಾಳಿಯೂ ಸೇರಿ ಮೈಗೆ ತಟ್ಟೋ ಚಳಿ) ಮೈನಸ್ 40 ದಾಟಿದರೆ ಬರಿ ಚರ್ಮ 5-10 ನಿಮಿಷದಲ್ಲಿ ಹೆಪ್ಪುಗಟ್ಟುತ್ತೆ ಅಂತ ಕೆಂಪಕ್ಷರದಲ್ಲಿ ಹಾಕಿದ್ದೆ. ಬಾತಿಗೆ ಎರಡನೇ ಸಲ ಕ್ಯೂ ನಿಂತ ಹುಡುಗನೇ ಜನವರಿಯಲ್ಲಿ ಸ್ನೀಕರ್ಸ್ ಹಾಕ್ಕೊಂಡು, ಕಿವಿಗೆ ಇಯರ್‌ಬಡ್ ಸಿಕ್ಕಿಸ್ಕೊಂಡು ಬಸ್ ಸ್ಟಾಪಲ್ಲಿ ನಡುಗ್ತಿದ್ದ. ಮರುವರ್ಷ ಟೋಪಿ, ಗ್ಲೌಸ್ ಕಿಟ್ ಹಂಚಿದ್ವಿ, ತಲಾ ಇಪ್ಪತ್ತೈದು ಡಾಲರ್. ಹೆಚ್ಚಿನವು ಬೀರು ಸೇರಿದವು.

ಈಗ ಚಳಿಗಿಂತ ಮೊದಲು ಜನ. ಅಕ್ಟೋಬರಲ್ಲಿ ಸುತ್ತಲ ಹಳ್ಳಿಗಳ ಚರ್ಚು, ಹಾಲ್‌ಗಳಲ್ಲಿ ಫೌಲ್ ಸಪ್ಪರ್ (ಊರವರೆಲ್ಲ ಸೇರೋ ಟರ್ಕಿ ಕೋಳಿ ಊಟ) ನಡೆಯುತ್ತಲ್ಲ, ಅಲ್ಲಿಗೆ ಕರ್ಕೊಂಡು ಹೋಗ್ತೀನಿ. ಟಿಕೆಟ್ ಇಪ್ಪತ್ತು ಡಾಲರ್ ಆಸುಪಾಸು. ಟರ್ಕಿ ತಿನ್ನದವರಿಗೆ ಪೆರೋಗಿ ಇರುತ್ತೆ, ಆಲೂಗಡ್ಡೆ ತುಂಬಿದ ಕಡುಬಿನಂಥದ್ದು, ಯುಕ್ರೇನಿಯನ್ ಅಜ್ಜಿಯರ ಕೈಯದ್ದು. ಮೇಲೆ ಬೇಕನ್ (ಹಂದಿಮಾಂಸ) ಉದುರಿಸಬೇಡಿ ಅಂತ ಮೊದಲೇ ಹೇಳಿಡಿ. ನನ್ನದು ಒಂದೇ ಷರತ್ತು: ನಮ್ಮವರಿಬ್ಬರು ಒಂದೇ ಟೇಬಲಲ್ಲಿ ಕೂರುವ ಹಾಗಿಲ್ಲ. ಮೊದಲ ಹತ್ತು ನಿಮಿಷ ಎಲ್ಲರೂ ತಟ್ಟೆ ನೋಡ್ಕೊಂಡು ತಿಂತಾರೆ. ಆಮೇಲೆ ಯಾರೋ ಹವೆಯ ಮಾತು ತೆಗೀತಾರೆ. ಒಮ್ಮೆ ಒಬ್ಬ ಅಜ್ಜಿ ತಾನು ಹಿಮಗಾಳಿಯಲ್ಲಿ ಗ್ರಿಡ್ ರೋಡಲ್ಲಿ (ಹೊಲಗಳ ನಡುವಿನ ಜಲ್ಲಿ ರಸ್ತೆ) ಸಿಕ್ಕಿಬಿದ್ದ ಕಥೆ ಹೇಳಿದಳು: ಕಾರು ಬಿಟ್ಟು ದೂರ ಹೋಗಲಿಲ್ಲ, ಆಗಾಗ ಸೈಲೆನ್ಸರ್ ಬಾಯಿಯ ಹಿಮ ಕೆರೆದಳು, ಕಂಬಳಿ ಮೇಣದಬತ್ತಿ ಜೊತೆಗಿತ್ತು. ವಾಪಸ್ ಬರೋ ದಾರಿಯಲ್ಲೇ ಹುಡುಗರು ವ್ಯಾನ್ ನಿಲ್ಲಿಸಿ ಸಲಿಕೆ ಕೊಂಡರು. ನನ್ನ ಸ್ಲೈಡಿಗೆ ಆ ಯೋಗ್ಯತೆ ಇರಲಿಲ್ಲ.

ಇನ್ನೊಂದು ಮಜಾ. ಕೆನಡಾದ ಮಸೂರಿನ ಬಹುಪಾಲು ಬೆಳೆಯೋದು ನಮ್ಮ ಪ್ರಾಂತ್ಯ ಇದೇ ಸಸ್ಕ್ಯಾಚೆವಾನಲ್ಲಿ. 2017ರ ಕೊನೆಗೆ ಭಾರತ ಮಸೂರಿಗೆ ಶೇ. 30 ಆಮದು ಸುಂಕ ಹಾಕಿದ್ದು ನಮ್ಮ ಹುಡುಗರಿಗೆ ಗೊತ್ತಿಲ್ಲ, ಪಕ್ಕದಲ್ಲಿ ಕೂತ ರೈತನಿಗೆ ಬಾಯಿಪಾಠ. ಅಲ್ಲಿಂದ ಮಾತು ನಿಲ್ಲೋದೇ ಇಲ್ಲ. ಮಂಡ್ಯದ ಕಡೆಯ ಹುಡುಗನೊಬ್ಬ ಮುಂದಿನ ಆಗಸ್ಟಲ್ಲಿ ಕಂಬೈನ್ (ಕೊಯ್ಲಿನ ಯಂತ್ರ) ಹತ್ತಿಯೇ ಬಂದ.

ಚಳಿಯ ಪಾಠ ನವೆಂಬರ್ ಕೊನೆಗೆ, ಮೈನಸ್ 20 ಮುಟ್ಟಿದ ಮೊದಲ ಭಾನುವಾರ. ಅವತ್ತು ಬಸ್ಸೂ ಕಮ್ಮಿ. ಅವರವರ ರೂಟಿನ ಸ್ಟಾಪಲ್ಲಿ ಕಾಲು ಗಂಟೆ ನಿಲ್ಲಿಸಿ, ಗ್ಲೌಸ್ ತೆಗೆದು ಫೋನಲ್ಲಿ ಬಸ್ ಟೈಮ್ ನೋಡಿ ಅಂತೀನಿ. ಬೆರಳು ಮರಗಟ್ಟುತ್ತೆ, ನಲವತ್ತು ಪರ್ಸೆಂಟ್ ಇದ್ದ ಬ್ಯಾಟರಿ ಸತ್ತುಹೋಗುತ್ತೆ. ಅಲ್ಲಿಂದ ಸೀದಾ ಸೆಕೆಂಡ್‌ಹ್ಯಾಂಡ್ ಅಂಗಡಿಗೆ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಅಂಗಡಿಗೆ ಕರ್ಕೊಂಡು ಹೋದರೆ ಚಂದ ನೋಡಿ ಕೊಳ್ತಾರೆ, ಬೆರಳು ಮರಗಟ್ಟಿದ ಮೇಲಾದರೆ ಕೋಟಿನ ಕೈತುದಿಯ ಎಲಾಸ್ಟಿಕ್ ಎಳೆದು ನೋಡಿ ಕೊಳ್ತಾರೆ. ಹೊಸದಕ್ಕೆ ನಾನೂರು ಐನೂರು ಕೊಡುವ ಕೋಟು ನಲವತ್ತು ಐವತ್ತಕ್ಕೆ ಸಿಗುತ್ತೆ. ಬೂಟು ಮಾತ್ರ ಹೊಸದೇ. ಯಾವ ಅಂಗಡಿ, ಯಾವ ವಾರ ಅಂತ ಕೇಳಬೇಡಿ, ಹೇಳಿದರೆ ನನ್ನವರಿಗೇ ಉಳಿಯಲ್ಲ.

ನಡುವೆ ಹಿಟ್ಟಿನ ಪ್ರಯೋಗ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲ್ಲ ಅನ್ನೋದು ಎಲ್ಲರ ಗೋಳು. ಬ್ಲಾಕ್ ಹೀಟರಿಗೆ ತಂದ ಟೈಮರನ್ನ ಹೀಟಿಂಗ್ ಪ್ಯಾಡಿಗೆ ಹಾಕಿ, ಗಂಟೆಗೊಮ್ಮೆ ಹತ್ತಿಪ್ಪತ್ತು ನಿಮಿಷ ಆನ್ ಆಗೋ ಹಾಗೆ ಇಟ್ಟೆ. ಮೆಂತ್ಯ ಸ್ವಲ್ಪ ಜಾಸ್ತಿ. ಹನ್ನೆರಡು ಗಂಟೆಗೆ ಪಾತ್ರೆ ಉಕ್ಕಿತು. ಕರಿಬೇವಿನ ಗಿಡಕ್ಕೂ ಹಾಗೇ ಏನೋ ಮಾಡಹೊರಟು ಗಿಡವೇ ಹೋಯ್ತು.

ಮೂಲನಿವಾಸಿಗಳ ಪರಂಪರೆಯ ಪಾರ್ಕು ವಾನುಸ್ಕೇವಿನ್‌ಗೂ ಒಂದು ಮಧ್ಯಾಹ್ನ ಇಡಿ. 2019ರಲ್ಲಿ ಅಲ್ಲಿಗೆ ಕಾಡೆಮ್ಮೆ (ಬೈಸನ್) ವಾಪಸ್ ತಂದಿದ್ದಾರೆ, ಮಕ್ಕಳು ಕದಲಲ್ಲ. ಮೂಲನಿವಾಸಿಗಳಿಗೂ ಬ್ರಿಟಿಷ್ ರಾಜಸತ್ತೆಗೂ ಆದ 1876ರ ಒಪ್ಪಂದ ಟ್ರೀಟಿ 6ರ ಬಗ್ಗೆ ಅಲ್ಲಿಯವರ ಬಾಯಲ್ಲೇ ಕೇಳಿದರೆ ತಲೆಗೆ ಹೋಗುತ್ತೆ.

ಖರ್ಚು ಈಗ ವ್ಯಾನ್, ಪೆಟ್ರೋಲ್ ಸೇರಿ ಒಂದು ಟ್ರಿಪ್ಪಿಗೆ ನೂರೈವತ್ತರಿಂದ ನೂರೆಂಬತ್ತು. ತಲಾ ಇಪ್ಪತ್ತೈದು ತಗೋತೀನಿ, ಊಟದ ಟಿಕೆಟ್ ಅವರದ್ದೇ. ಹೋದ ವರ್ಷ ನಾಲ್ಕು ಕಾಸು ಉಳೀತು ಕೂಡ. ಫೆಬ್ರವರಿಗೆ ಕರ್ಲಿಂಗ್ (ಮಂಜುಗಡ್ಡೆ ಮೇಲೆ ಕಲ್ಲು ಜಾರಿಸೋ ಆಟ) ರಿಂಕ್ ಕೇಳಿದ್ದೀನಿ, ರೇಟು ಜಾಸ್ತಿ ಹೇಳ್ತಿದ್ದಾರೆ, ಚೌಕಾಸಿ ನಡೀತಿದೆ.