ಪಾಲಿಶರ್ ಆರಿಸುವಾಗ ಪ್ಯಾಡ್ ತಿರುಗುತ್ತಿದೆಯೇ ನೋಡಿ

ಕಾರಿನ ಪೇಂಟ್ ಹೊಳಪಿಸುವ ಡಿಎ (ಡ್ಯುಯಲ್ ಆ್ಯಕ್ಷನ್, ಅಂದರೆ ಓಲಾಡುತ್ತಲೇ ತಿರುಗುವ) ಪಾಲಿಶರ್ ಕೊಳ್ಳುವ ಮುಂಚೆ ಅದರ ಬ್ಯಾಕಿಂಗ್ ಪ್ಲೇಟ್‌ನ (ಪ್ಯಾಡ್ ಅಂಟಿಸುವ ತಟ್ಟೆಯ) ಅಂಚಿಗೆ ಬಿಳಿ ಮಾರ್ಕರ್‌ನಿಂದ ಅಡ್ಡಗೆರೆ ಎಳೆಯಿರಿ. ಪ್ಯಾಡ್‌ಗೆ ಸ್ವಲ್ಪ ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ, ಯಂತ್ರದ ವೇಗದ ಡಯಲ್ 4ರಿಂದ 5ರಲ್ಲಿಟ್ಟು, ಬಾನೆಟ್ ಮೇಲೂ ಫೆಂಡರ್‌ನ ಉಬ್ಬಿನ ಮೇಲೂ ಓಡಿಸಿ ಗೆರೆ ನೋಡಿ. ಸುತ್ತುತ್ತಿದ್ದರೆ ಸರಿ, ಒಂದೇ ಕಡೆ ನಿಂತು ನಡುಗುತ್ತಿದ್ದರೆ ಪ್ಯಾಡ್ ತಿರುಗುತ್ತಿಲ್ಲ, ಸ್ವರ್ಲ್ ಗೀರು (ಪೇಂಟ್ ಮೇಲಿನ ಸುತ್ತುಸುತ್ತಾದ ಸಣ್ಣ ಗೀರು) ಹೋಗುವುದು ಕಷ್ಟ. ಸಾಮಾನ್ಯ ಡಿಎ ಯಂತ್ರಗಳಲ್ಲಿ ಮೋಟರ್ ಓಡಿಸುವುದು ಓಲಾಟವನ್ನು ಮಾತ್ರ. ಪ್ಯಾಡ್ ಬೇರಿಂಗ್ ಮೇಲೆ ತಾನಾಗಿ ತಿರುಗಬೇಕು, ಹಾಗಾಗಿ ಹೆಚ್ಚು ಒತ್ತಿದರೆ ಅಥವಾ ಓರೆ ಹಿಡಿದರೆ ನಿಂತುಬಿಡುತ್ತದೆ. 21 ಮಿ.ಮೀ. ಥ್ರೋ (ಓಲಾಟದ ಅಗಲ) ಇರುವ ಯಂತ್ರ ಬಾನೆಟ್, ರೂಫ್‌ನಂಥ ಅಗಲ ಜಾಗ ಬೇಗ ಮುಗಿಸುತ್ತದೆ, ಆದರೆ ಉಬ್ಬಿನಲ್ಲಿ ಮೊದಲು ನಿಲ್ಲುವುದೂ ಅದೇ. ಒಂದೇ ಯಂತ್ರ ಸಾಕೆನ್ನುವವರಿಗೆ 15 ಮಿ.ಮೀ. ಥ್ರೋ ಮತ್ತು 5 ಇಂಚಿನ ಪ್ಲೇಟ್ ಒಳ್ಳೆಯದು. ಬಂಪರ್ ಮತ್ತು ಪಿಲ್ಲರ್‌ಗೆ 3 ಇಂಚಿನದು ಹೇಗೂ ಬೇಕಾಗುತ್ತದೆ. ಗೇರ್‌ನಿಂದ ಬಲವಂತವಾಗಿ ತಿರುಗುವ ಡಿಎ ಮತ್ತು ರೋಟರಿಗೆ (ಓಲಾಟವಿಲ್ಲದೆ ಬರೀ ತಿರುಗುವ ಪಾಲಿಶರ್‌ಗೆ) ಈ ಪರೀಕ್ಷೆ ನಡೆಯದು. ಅವುಗಳ ಗೆರೆ ಸುತ್ತುತ್ತಲೇ ಇರುತ್ತದೆ. ಅಲ್ಲಿ ಪೇಂಟ್ ಎಷ್ಟು ಬಿಸಿಯಾಯಿತೆಂದು ಆಗಾಗ ಕೈಯಿಂದ ಮುಟ್ಟಿ ನೋಡಿ, ಅಂಚುಗಳಲ್ಲಂತೂ ತಪ್ಪದೆ. ಇನ್ನೊಂದು, ಒಣ ಪ್ಯಾಡ್‌ನಲ್ಲಿ ಪರೀಕ್ಷಿಸಿ ಯಂತ್ರವನ್ನು ದೂರಬೇಡಿ.