ಬರ್ಡ್‌ವಿಂಗ್ ಚಿಟ್ಟೆಗೆ ಈಶ್ವರಿ ಬಳ್ಳಿ: ಬೆಳೆಸುವ ಮತ್ತು ಕಾಯುವ ಬಗೆ

ಸದರ್ನ್ ಬರ್ಡ್‌ವಿಂಗ್ ಕರ್ನಾಟಕದ ರಾಜ್ಯ ಚಿಟ್ಟೆ. ದಕ್ಷಿಣ ಭಾರತ, ಅದರಲ್ಲೂ ಪಶ್ಚಿಮ ಘಟ್ಟದ ಸಾಲು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ರೆಕ್ಕೆ ಬಿಡಿಸಿದರೆ 14ರಿಂದ 19 ಸೆಂ.ಮೀ. ಅಗಲ. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಹೊಳೆಯುವ ಹಳದಿ. ಹೆಣ್ಣಾದರೆ ಆ ಹಳದಿಯಲ್ಲಿ ಕಪ್ಪು ಮಚ್ಚೆಗಳ ಸಾಲು. ಇದಕ್ಕಾಗಿ ಹೂದೋಟ ಮಾಡುವವರು ಬಹಳ. ಆದರೆ ಹೂವಿಗೆ ಅದು ದೂರ ಹಾರಿ ಹೋಗಬಲ್ಲದು. ಅದರ ಮರಿಹುಳು ಅಷ್ಟು ದೂರ ಹೋಗಲಾರದು, ಅದಕ್ಕೆ ಬೇಕಾದ ಎಲೆ ಹುಟ್ಟಿದ ಬಳ್ಳಿಯಲ್ಲೇ ಸಿಗಬೇಕು.

ಆ ಎಲೆ ಅರಿಸ್ಟೊಲೋಕಿಯ ಕುಟುಂಬದ್ದೇ ಆಗಿರಬೇಕು: ಈಶ್ವರಿ ಬಳ್ಳಿ (ಅರಿಸ್ಟೊಲೋಕಿಯ ಇಂಡಿಕಾ), ದೊಡ್ಡ ಹೃದಯಾಕಾರದ ಎಲೆಯ ಅರಿಸ್ಟೊಲೋಕಿಯ ಟಗಾಲ, ಕಾಡಿನ ನೆರಳಲ್ಲಿ ಬೆಳೆಯುವ ತೋಟಿಯಾ ಸಿಲಿಕ್ವೋಸಾ. ನರ್ಸರಿಗಳಲ್ಲಿ ದೊಡ್ಡ ಹೂವಿಗೆಂದು ಮಾರುವ ವಿದೇಶಿ ಅರಿಸ್ಟೊಲೋಕಿಯಗಳನ್ನು ಮಾತ್ರ ತರಬೇಡಿ. ಆಸ್ಟ್ರೇಲಿಯಾದಲ್ಲಿ ರಿಚ್‌ಮಂಡ್ ಬರ್ಡ್‌ವಿಂಗ್ ಎಂಬ ಚಿಟ್ಟೆ ಅರಿಸ್ಟೊಲೋಕಿಯ ಎಲೆಗನ್ಸ್ ಎಂಬ ಇಂಥದೇ ಬಳ್ಳಿಯ ಮೇಲೆ ಮೋಸಹೋಗಿ ಮೊಟ್ಟೆಯಿಡುತ್ತದೆ, ಎಲೆ ತಿಂದ ಹುಳುಗಳು ಸಾಯುತ್ತವೆ.

ಮೊದಲು ನೆಡಲು ಹೋಗದೆ ಬೇಲಿ ಹುಡುಕಿ. ಹಳೆಯ ಬೇಲಿ, ಕಾಡಂಚು, ತೋಟದ ಅಗಳುಗಳಲ್ಲಿ ಈಶ್ವರಿ ಬಳ್ಳಿ ಈಗಾಗಲೇ ಇರಬಹುದು. ಎಲೆ ಉಜ್ಜಿದರೆ ಘಾಟು ವಾಸನೆ ಬರುತ್ತದೆ. ಹೂವು ಬುಡದಲ್ಲಿ ಉಬ್ಬಿ, ಕೊಳವೆಯಾಗಿ, ತುದಿಯಲ್ಲಿ ಕಂದು-ನೇರಳೆ ತುಟಿ ಚಾಚಿರುತ್ತದೆ. ಸಿಕ್ಕ ಬಳ್ಳಿಯ ಬುಡಕ್ಕೆ ಬಣ್ಣದ ಗೂಟ ನೆಟ್ಟು, ಬೇಲಿ ಸವರುವವರಿಗೆ ಕರೆದು ತೋರಿಸಿ. ಹೇಳಿದರೆ ಸಾಲದು, ಕಳೆ ಕತ್ತರಿಸುವ ಯಂತ್ರಕ್ಕೆ ಹಸಿರೆಲ್ಲ ಒಂದೇ. ಇದ್ದ ಒಂದು ಬೆಳೆದ ಬಳ್ಳಿ ಉಳಿದರೆ ಹೊಸದಾಗಿ ಹತ್ತು ಸಸಿ ನೆಟ್ಟದ್ದಕ್ಕಿಂತ ಲಾಭ.

ಬೀಜಕ್ಕೆ ಕಾಯಿ ಹಳದಿ ತಿರುಗುವಾಗಲೇ ತೆಳುಬಟ್ಟೆಯ ಚೀಲ ಕಟ್ಟಬೇಕು. ಒಣಗಿದ ಕಾಯಿ ತೊಟ್ಟಿನ ಕಡೆಯಿಂದ ಆರು ಸೀಳಾಗಿ, ತಲೆಕೆಳಗಾದ ಕೊಡೆಯಂತೆ ತೂಗುತ್ತದೆ. ಆಮೇಲೆ ಹಗುರ ಚಪ್ಪಟೆ ಬೀಜಗಳು ಗಾಳಿಪಾಲು. ಮಣ್ಣು, ಮರಳು, ಕಳಿತ ಗೊಬ್ಬರ ಸಮಪಾಲು ಬೆರೆಸಿ, ತಾಜಾ ಬೀಜವನ್ನು ಒಂದು ಸೆಂ.ಮೀ. ಆಳದಲ್ಲಿ ಮಲಗಿಸಿ ಬಿತ್ತಿ. ಮೊಳಕೆಗೆ ವಾರಗಟ್ಟಲೆ ಹಿಡಿಯುತ್ತದೆ, ಬೇಸತ್ತು ಕುಂಡ ಚೆಲ್ಲಬೇಡಿ. ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧ. ಬೀಜ, ಕಡ್ಡಿಯನ್ನು ಖಾಸಗಿ ಜಾಗದಿಂದ, ಒಡೆಯರ ಒಪ್ಪಿಗೆ ಪಡೆದು ತನ್ನಿ.

ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ, ಒಂದಡಿ ಗುಂಡಿಯಲ್ಲಿ ನೆಡಿ. ಬುಡಕ್ಕೆ ನೆರಳು, ತುದಿಗೆ ಬಿಸಿಲು, ಹಬ್ಬಲು ಮರ: ಈ ಮೂರೂ ಬೇಕು. ಎರಡು ಮೀಟರ್ ಅಂತರದಲ್ಲಿ ಕನಿಷ್ಠ ಹತ್ತು ಬಳ್ಳಿ ಇರಲಿ. ದರಗು ಹೊದಿಸಿ, ಆದರೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಮೊದಲೆರಡು ಬೇಸಿಗೆ ವಾರಕ್ಕೆರಡು ಸಲ ನೀರು.

ಹತ್ತು ಏಕೆಂದರೆ ಹುಳುವಿನ ಹಸಿವು ಅಂಥದ್ದು. ಕೊನೆಯ ಹಂತದ ಹುಳು ಎಲೆ ಮುಗಿಸಿ ಕಾಂಡವನ್ನೂ ಸುತ್ತ ಕೆರೆದು ತಿನ್ನುತ್ತದೆ, ಅದರ ಮೇಲಿನ ಬಳ್ಳಿ ಒಣಗುತ್ತದೆ. ಎಳೆ ಬಳ್ಳಿ ಇದನ್ನು ತಡೆಯದು. ಮೇವು ಸಾಲದಿದ್ದರೆ ಹುಳುಗಳು ಒಂದನ್ನೊಂದು ತಿನ್ನುವುದೂ ಉಂಟು. ಹಾಗಾಗಿ ಸಸಿ ಮೊಣಕಾಲೆತ್ತರ ಇರುವಷ್ಟು ದಿನ ಸೊಳ್ಳೆಪರದೆ ಮುಚ್ಚಿ ಚಿಟ್ಟೆಯಿಂದಲೇ ಕಾಯಬೇಕಾಗುತ್ತದೆ! ಬೋಳಾದ ಬಲಿತ ಬಳ್ಳಿ ಸತ್ತಿತೆಂದು ಕೀಳಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ.

ಎಲೆಯಡಿ ಒಂಟಿಯಾಗಿರುವ ದುಂಡನೆಯ ಕಿತ್ತಳೆ-ಕಂದು ಮೊಟ್ಟೆ ಹುಡುಕಿ. ಹುಳು ಕಪ್ಪು-ಕೆಂಪು, ಮೈತುಂಬ ಮೆತ್ತನೆ ಕೊಂಬು, ನಡುವೆ ಓರೆಯಾದ ಮಾಸಲು ಪಟ್ಟಿ. ಅದೇ ಬಳ್ಳಿಯಲ್ಲಿ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಹುಳುಗಳೂ ಇರುತ್ತವೆ. ಕಾಮನ್ ರೋಸ್ ಹುಳುವಿನ ಬಿಳಿ ಪಟ್ಟಿ ಓರೆಯಲ್ಲ, ನೇರ. ಕ್ರಿಮ್ಸನ್ ರೋಸ್ ಹುಳುವಿಗೆ ಪಟ್ಟಿಯೇ ಇಲ್ಲ. ಬಲಿತ ಹುಳು ಕೋಶ ಕಟ್ಟಲು ಪಕ್ಕದ ಪೊದೆಗೂ ಹೋಗುತ್ತದೆ, ಆದ್ದರಿಂದ ಸುತ್ತಲಿನ ಕಾಡುಗಿಡಗಳನ್ನು ಸ್ವಚ್ಛ ಮಾಡದಿರುವುದೇ ಲೇಸು. ಕೋಶ ಮುಟ್ಟಬೇಡಿ, ಜಾಗ ಬದಲಿಸಬೇಡಿ.

ಸಾವಯವ ಎಂಬ ಹೆಸರಿಗೆ ಮರುಳಾಗಿ ಬೇವಿನ ದ್ರಾವಣವನ್ನೋ ಬಿಟಿ (ಕೀಟ ಕೊಲ್ಲುವ ಬ್ಯಾಕ್ಟೀರಿಯಾ) ಪುಡಿಯನ್ನೋ ಹೊಡೆಯಬೇಡಿ. ಬಿಟಿಯ ಕರ್ಸ್ಟಾಕಿ ತಳಿ ಕೊಲ್ಲುವುದೇ ಚಿಟ್ಟೆ-ಪತಂಗಗಳ ಹುಳುಗಳನ್ನು. ಪಕ್ಕದ ತೋಟದ ಕೀಟನಾಶಕ ಗಾಳಿಯಲ್ಲಿ ತೇಲಿ ಬರುವ ಕಡೆ ಬಳ್ಳಿ ಬೇಡ.

ಇನ್ನೊಂದು ಎಚ್ಚರಿಕೆ. ಹಾವಿನ ವಿಷಕ್ಕೆ ಮದ್ದೆಂದು ಈಶ್ವರಿ ಬೇರನ್ನು ಕೀಳುವ ರೂಢಿ ಹಳ್ಳಿಗಳಲ್ಲಿದೆ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಹುಳುವಿಗೆ ಅದೇ ವಿಷ ರಕ್ಷೆ. ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ಕತ್ತರಿಸುವಾಗ ಕೈಗವಸು ಹಾಕಿ. ಹಾವು ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು.

ಹೂವಿಗೆ ಕೇಪಳ, ರಥಪುಷ್ಪ ಸಾಕು, ಬಳ್ಳಿ ನಿಂತ ಮೇಲೆ ನೆಟ್ಟರಾಯಿತು. ಪ್ರತಿ ಬಳ್ಳಿಗೂ ನಂಬರ್ ಕೊಟ್ಟು ವಾರಕ್ಕೊಮ್ಮೆ ಮೊಟ್ಟೆ, ಹುಳು, ಕೋಶಗಳ ಲೆಕ್ಕ ಬರೆದಿಡಿ. ಮೊಟ್ಟೆಯಿಂದ ಚಿಟ್ಟೆಯಾಗಲು ಹವೆ ನೋಡಿಕೊಂಡು ಸುಮಾರು ಒಂದೂವರೆಯಿಂದ ಎರಡು ತಿಂಗಳು. ಮೊಟ್ಟೆ ಇದ್ದೂ ದೊಡ್ಡ ಹುಳು ಕಾಣದಿದ್ದರೆ ಇರುವೆ, ಜೇಡ, ಪರಾವಲಂಬಿ ಕಣಜಗಳ ಕಡೆ ಕಣ್ಣಿಡಿ; ಮೊಟ್ಟೆಯೇ ಇಲ್ಲದಿದ್ದರೆ ಬಳ್ಳಿ ತೀರಾ ಕತ್ತಲಲ್ಲಿದೆಯೇ, ಎಳೆ ಚಿಗುರು ಇದೆಯೇ ನೋಡಿ.